ಪಹಣಿಯಲ್ಲಿ ತೋಟ, ಅಂಗಳದಲ್ಲಿ ಬಯಲು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಕೃಷಿಕ ಕುಟುಂಬಗಳ ಆರ್ಥಿಕ ಚರಿತ್ರೆ

1. ಪ್ರವೇಶ

ಮಲೆನಾಡಿನ ಬಡತನವನ್ನು ಬರಿಗಣ್ಣಿನಿಂದ ಗುರುತಿಸುವುದು ಕಷ್ಟ. ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ನೆಲ ಬಿರಿಯುವುದು, ಕೆರೆ ಬತ್ತುವುದು, ದನಗಳ ಪಕ್ಕೆಲುಬು ಎದ್ದು ಕಾಣುವುದು. ಅಲ್ಲಿ ಕ್ಷಾಮವು ತನ್ನ ಸಾಕ್ಷ್ಯವನ್ನು ತಾನೇ ಬರೆದಿಡುವುದು. ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮೋತ್ತರ ಭಾಗದಲ್ಲಿ, ತುಂಗೆ ಭದ್ರೆಯರ ನಡುವಣ ಗುಡ್ಡಗಳಲ್ಲಿಯೂ ಆ ನದಿಗಳ ಇಕ್ಕೆಲಗಳಲ್ಲಿಯೂ ಹಬ್ಬಿಕೊಂಡಿರುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮನೆಯ ಪತ್ತಾಯ ಬರಿದಾದಾಗಲೂ ಹಿತ್ತಲು ಹಸಿರಾಗಿಯೇ ಇರುವುದು. ಸಾಲದ ನೋಟೀಸು ಬಂದ ದಿನವೂ ಜಡಿಮಳೆ ಸುರಿಯುವುದು. ದಾರಿಹೋಕನು ಬಸ್ಸಿನ ಕಿಟಕಿಯಿಂದ ಕಂಡು, ಎಂತಹ ಸಮೃದ್ಧ ನಾಡು ಎಂದು ತಲೆದೂಗಿ ಮುಂದೆ ಹೋಗುವನು.

ಸರ್ಕಾರದ ದಾಖಲೆಯೂ ಬಹುಮಟ್ಟಿಗೆ ಈ ದಾರಿಹೋಕನ ಕಣ್ಣಿನಿಂದಲೇ ನೋಡಿದೆ. ಪಹಣಿಯ ಬೆಳೆಯ ಕಲಮಿನಲ್ಲಿ ಅಡಿಕೆಯೆಂದು ಒಮ್ಮೆ ಬರೆದ ಮೇಲೆ, ಆ ತೋಟದ ಮರಗಳು ಹಳದಿಯಾಗಿ ಫಸಲನ್ನೇ ನಿಲ್ಲಿಸಿದರೂ, ಕಾಗದದ ಮೇಲೆ ಆ ಕುಟುಂಬ ಬಾಗಾಯ್ತುದಾರರ ಕುಟುಂಬವೇ ಆಗಿ ಉಳಿಯುವುದು. ಪಹಣಿಯ ತೋಟಕ್ಕೂ ಅಂಗಳದಲ್ಲಿ ಒಣಗುವ ಅಡಿಕೆಗೂ ನಡುವೆ ಬೆಳೆದ ಅಂತರ ಎಷ್ಟು, ಅದು ಯಾವ ಕಾರಣಗಳಿಂದ ಬೆಳೆಯಿತು ಎಂಬುದನ್ನು ಚಾರಿತ್ರಿಕವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಇಲ್ಲಿ ಪ್ರತಿಪಾದಿಸಲು ಹೊರಟಿರುವ ವಿಚಾರ ಇಷ್ಟು: ಈ ಮೂರು ತಾಲ್ಲೂಕುಗಳಲ್ಲಿ ದೊಡ್ಡ ಕಾರ್ಖಾನೆಯೊಂದೂ ತಲೆಯೆತ್ತಲಿಲ್ಲ, ಆದರೂ ಇಪ್ಪತ್ತನೆಯ ಶತಮಾನದ ಕೈಗಾರಿಕಾ ಪರಿವರ್ತನೆಯಲ್ಲಿ ಇವು ಮೊದಲಿನಿಂದಲೂ ಭಾಗಿಯಾಗಿದ್ದುವು. ಮರ, ಇದ್ದಲು, ನೀರು, ಅಡಿಕೆ, ಕೊನೆಗೆ ಮಕ್ಕಳು ಎಂಬ ಕ್ರಮದಲ್ಲಿ ಇಲ್ಲಿಂದ ಒಂದೊಂದಾಗಿ ಹೊರಗೆ ಹರಿದುದರ ಬೆಲೆಯನ್ನು ಹೊರಗಿನವರು ಗೊತ್ತುಮಾಡಿದರು. ರೋಗ, ಸಾಲ, ಅನಿಶ್ಚಯಗಳು ಮಾತ್ರ ಮನೆಯಲ್ಲಿ ಉಳಿದುವು.

2. ತೋಟ, ಗದ್ದೆ, ಬೆಟ್ಟ

ಈ ಸೀಮೆಯ ಬೇಸಾಯದ ವಿನ್ಯಾಸವನ್ನು ನೆಲದ ಇಳಿಜಾರೇ ನಿರ್ಣಯಿಸಿದೆ. ಎರಡು ಗುಡ್ಡಗಳ ನಡುವಣ ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ಕೆಳಗೆ ಅಥವಾ ಮಗ್ಗುಲಿಗೆ ಭತ್ತದ ಗದ್ದೆ, ಮೇಲೆ ಸೊಪ್ಪಿನಬೆಟ್ಟ, ಅದರಾಚೆಗೆ ಕಾಡು. ಬೆಟ್ಟದ ಹಸಿರು ಸೊಪ್ಪು ಮತ್ತು ದರಗು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಗೊಬ್ಬರವಾಗಿ ತೋಟಕ್ಕೆ ಇಳಿಯುವುದು. ಗದ್ದೆಯ ಹುಲ್ಲು ಕೊಟ್ಟಿಗೆಗೆ ಏರುವುದು. ತೋಟದ ಅಡಿಕೆ ಮಾರಿ ಬಂದ ಹಣ ಕಂದಾಯಕ್ಕೂ ಉಪ್ಪು ಬಟ್ಟೆಗಳಿಗೂ ಮದುವೆ ಮುಂಜಿಗಳಿಗೂ ಸಲ್ಲುವುದು. ಈ ಮೂರು ಅಂಗಗಳಲ್ಲಿ ಒಂದು ಕುಂದಿದರೂ ಉಳಿದೆರಡು ಸೊರಗುತ್ತಿದ್ದುವು. ಆಗುಂಬೆಯ ಮಗ್ಗುಲಿನ ಶೃಂಗೇರಿ ಸೀಮೆಯಲ್ಲಿ ಅತಿ ಜೋರಾಗಿ ಸುರಿಯುವ ಮಳೆ, ಪೂರ್ವಕ್ಕೆ ನರಸಿಂಹರಾಜಪುರದ ಕಡೆಗೆ ಸಾಗಿದಂತೆ ತಗ್ಗುತ್ತ ಹೋಗುವುದರಿಂದ, ಈ ವಿನ್ಯಾಸ ಒಂದೊಂದು ತಾಲ್ಲೂಕಿನಲ್ಲಿಯೂ ಸ್ವಲ್ಪ ಸ್ವಲ್ಪ ಭಿನ್ನವಾಗಿತ್ತು. ಕೊಪ್ಪದ ಎತ್ತರದ ಗುಡ್ಡಗಳಲ್ಲಿ ಕಾಫಿಯೂ ಏಲಕ್ಕಿಯೂ ಸೇರಿಕೊಂಡುವು.

ಭೂಮಿಯ ಒಡೆತನ ಮಾತ್ರ ಇಷ್ಟು ಸರಳವಾಗಿರಲಿಲ್ಲ. ಶೃಂಗೇರಿಯ ಸುತ್ತಣ ಪ್ರದೇಶ, ವಿಜಯನಗರದ ಹರಿಹರನೂ ಅವನ ಸಹೋದರರೂ 1346ರಲ್ಲಿ ಮಾಡಿದ ದಾನದಿಂದ ಮೊದಲುಗೊಂಡು, ಶತಮಾನಗಳ ಕಾಲ ಮಠದ ಜಹಗೀರಾಗಿತ್ತು. ಮೈಸೂರು ಸಂಸ್ಥಾನದ ಆಡಳಿತದಲ್ಲಿ ಶೃಂಗೇರಿ ಜಹಗೀರು ಎಂಬ ಹೆಸರೇ ಬಳಕೆಯಲ್ಲಿತ್ತು. ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಗೆ 1955ರಲ್ಲಿ ಶಾಸನವಾಗುವವರೆಗೂ ಇಲ್ಲಿಯ ಒಕ್ಕಲು ಮತ್ತು ನೆಲಗಳ ಸಂಬಂಧ ಈ ಚೌಕಟ್ಟಿನೊಳಗೇ ನಡೆಯಿತು. ಕೊಪ್ಪ ಮತ್ತು ನರಸಿಂಹರಾಜಪುರಗಳಲ್ಲಿ ದೊಡ್ಡ ಹಿಡುವಳಿಯ ಮನೆತನಗಳು ಗದ್ದೆಯನ್ನೂ ತೋಟವನ್ನೂ ಗೇಣಿಗೆ ಕೊಡುತ್ತಿದ್ದುವು. ಮೂಲಗೇಣಿಯ ಒಕ್ಕಲಿಗೆ ಒಂದಿಷ್ಟು ಸ್ಥಿರತೆಯಿತ್ತು. ಚಾಲಗೇಣಿಯವನು ಒಡೆಯನ ಮರ್ಜಿಯಲ್ಲಿದ್ದನು. ಇವರೆಲ್ಲರಿಗಿಂತ ಕೆಳಗೆ, ಸ್ವಂತ ನೆಲವೂ ಗೇಣಿಯೂ ಇಲ್ಲದ ಜೀತದಾಳುಗಳು, ಮತ್ತು ಆಳುಗಳನ್ನು ಕೂಡಿಸಿ ತರುವ ಸೇರೆಗಾರರ ಹಿಂದೆ ಆಗುಂಬೆಯ ಘಾಟಿಯೇರಿ ಬರುತ್ತಿದ್ದ ಘಟ್ಟದ ಕೆಳಗಿನ ಆಳುಗಳು ಇದ್ದರು. ಕುವೆಂಪು ಅವರು ಹುಟ್ಟಿದುದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಒಡೆಯ, ಒಕ್ಕಲು, ಆಳು, ಸೇರೆಗಾರರ ಆ ಲೋಕವು ಅವರ ಎರಡು ಮಹಾಕಾದಂಬರಿಗಳಲ್ಲಿ ಸಾಹಿತ್ಯವಾಗಿ ಉಳಿದಿರುವುದನ್ನು ಓದುಗರು ಬಲ್ಲರು.

ಇಷ್ಟೆಲ್ಲದರ ಮೇಲೆ ಚಳಿಜ್ವರದ ನೆರಳಿತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು ಮಲೆನಾಡಿನ ಜನಸಂಖ್ಯೆ ಏರುವ ಬದಲು ಇಳಿಯುತ್ತಿತ್ತು. ದೊಡ್ಡ ಮನೆಗಳು ಆಳಿಲ್ಲದೆ ಪಾಳುಬಿದ್ದುವು, ಗದ್ದೆಗಳು ಹಡಿಲು ಬಿದ್ದುವು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಆರಂಭವಾದ ಮಲೆನಾಡು ಅಭಿವೃದ್ಧಿ ಯೋಜನೆಗೆ ಈ ಜನಕ್ಷಯವೇ ಪ್ರೇರಣೆ. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನೆರೆಯ ಮೂಡಿಗೆರೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರವೊಂದು ತೆರೆಯಿತು. ಆದರೂ ಜ್ವರ ನಿಜವಾಗಿ ಹಿಮ್ಮೆಟ್ಟಿದುದು 1950ರ ದಶಕದಲ್ಲಿ, ಗೋಡೆಗೋಡೆಗೂ ಡಿ.ಡಿ.ಟಿ. ಸಿಂಪಡಿಸಿದ ಮೇಲೆಯೇ. ಜ್ವರ ಹೋದ ನೆಲಕ್ಕೆ ಹೊಸ ಜನ ಬಂದರು: ಕೇರಳದಿಂದ ಬಂದು ನರಸಿಂಹರಾಜಪುರದ ಆಸುಪಾಸಿನಲ್ಲಿ ನೆಲೆನಿಂತ ಕುಟುಂಬಗಳು, ಕಾಡುಗುಡ್ಡವನ್ನು ಕಡಿದು ಹಸನುಮಾಡಿ, ಮುಂದೆ ರಬ್ಬರನ್ನು ಈ ಸೀಮೆಯ ಬೆಳೆಯನ್ನಾಗಿ ಮಾಡಿದುವು.

3. ಕೊಳೆರೋಗ ಮತ್ತು ಮೈಲುತುತ್ತ

ಕೈಗಾರಿಕಾ ಯುಗದ ಪದಾರ್ಥವೊಂದು ಈ ತೋಟಗಳ ಒಳಗೆ ಮೊತ್ತಮೊದಲು ಕಾಲಿಟ್ಟುದು ಔಷಧದ ರೂಪದಲ್ಲಿ. ಆಷಾಢ ಶ್ರಾವಣಗಳ ಎಡೆಬಿಡದ ಮಳೆಯಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಪೂರ್ವಿಕರು ಕಂಡುಕೊಂಡಿದ್ದ ಉಪಾಯವೆಂದರೆ ಕೊಟ್ಟೆ ಕಟ್ಟುವುದು: ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಹೊದಿಕೆಯನ್ನು ಮರವೇರಿ ಒಂದೊಂದು ಗೊನೆಗೂ ತೊಡಿಸುವುದು. ಅದಕ್ಕೆ ಬೇಕಾದುದೆಲ್ಲ ಮನೆಯ ಸುತ್ತಲೇ ದೊರೆಯುತ್ತಿತ್ತು, ಖರ್ಚಾಗುತ್ತಿದ್ದುದು ಶ್ರಮ.

ಕೆನಡಾ ದೇಶದಿಂದ 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್‌ಮನ್, ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಸಿಸಿ 1910ರಲ್ಲಿ ವಿವರವಾಗಿ ಬರೆದರು. ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸಿದರೆ ಫಸಲು ಉಳಿಯುವುದೆಂದು ಮಲೆನಾಡಿನ ತೋಟಗಳಲ್ಲಿಯೇ ತೋರಿಸಿಕೊಟ್ಟರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕ ಇಂದಿಗೂ ಇಲ್ಲಿಯ ರೈತರ ಬಾಯಿಯಲ್ಲಿದೆ. ಕೋಲ್‌ಮನ್ನರ ಕಾಲದಲ್ಲಿಯೇ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕ್ಷೇತ್ರವೂ ಆರಂಭವಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲ ಅದೇ.

ಬೋರ್ಡೋ ದ್ರಾವಣವು ತೋಟಗಳನ್ನು ಉಳಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆರ್ಥಿಕ ಚರಿತ್ರಕಾರನು ಗಮನಿಸಬೇಕಾದ ಅಂಶ ಬೇರೊಂದುಂಟು. ಕೊಟ್ಟೆಗೆ ಬೇಕಾಗಿದ್ದುದು ಹುಲ್ಲು ಮತ್ತು ಕೈ. ಮೈಲುತುತ್ತಕ್ಕೆ ಬೇಕಾದುದು ನಗದು. ಆ ನಗದು ಬೇಕಾಗುವುದು ಜೂನ್ ತಿಂಗಳಿನಲ್ಲಿ, ಹಿಂದಿನ ಫಸಲಿನ ಹಣ ಮುಗಿದು ಮುಂದಿನ ಫಸಲು ಇನ್ನೂ ಹೀಚಿನಲ್ಲಿರುವ ಹೊತ್ತಿನಲ್ಲಿ. ಅದನ್ನು ಕೊಡಲು ಶಿವಮೊಗ್ಗೆಯ ಅಡಿಕೆ ಮಂಡಿಯವರು ಸಿದ್ಧರಿದ್ದರು. ಮುಂಗಡ ಪಡೆದವನು ತನ್ನ ಅಡಿಕೆಯನ್ನು ಅದೇ ಮಂಡಿಗೇ ತಂದು ಹಾಕಬೇಕು, ಅವರು ಹೇಳಿದ ಧಾರಣೆಗೆ ತಲೆಯಾಡಿಸಬೇಕು. ಅಷ್ಟೂ ತ್ರಾಣವಿಲ್ಲದವನು ಫಸಲು ಮರದ ಮೇಲಿರುವಾಗಲೇ ಅದನ್ನು ಚೇಣಿಗೆ ಕೊಟ್ಟು, ತನ್ನ ತೋಟದ ಕೊಯ್ಲನ್ನು ತಾನೇ ಪರಕೀಯನಂತೆ ನಿಂತು ನೋಡುವನು. ಹೀಗೆ ರೋಗ ಕಳೆದಂತೆ ಋಣ ಬೆಳೆಯಿತು. 1939ರಲ್ಲಿ ಶಿವಮೊಗ್ಗೆಯಲ್ಲಿ ಸ್ಥಾಪಿತವಾದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ಜನರ ಬಾಯಿಯ ಮ್ಯಾಮ್ಕೋಸ್, ಈ ಋಣದ ಸರಪಳಿಗೆ ಕೊಟ್ಟ ಪ್ರತ್ಯುತ್ತರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಬೆಳೆಗಾರರು ಧಾರಣೆ ಬರುವವರೆಗೆ ಅಡಿಕೆಯನ್ನು ದಾಸ್ತಾನಿಟ್ಟು, ಅದರ ಮೇಲೆ ಸಾಲ ಪಡೆದು, ಕಾಯುವ ಶಕ್ತಿಯನ್ನು ಸಂಪಾದಿಸಿದುದು ಇಂತಹ ಸಂಘಟನೆಯಿಂದಲೇ.

4. ಭದ್ರಾವತಿಯ ಕುಲುಮೆ, ಭದ್ರೆಯ ನೀರು

ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥವಾಗಿ ಅದಕ್ಕೆ ಈಗಿನ ಹೆಸರು ಬಂದಿತು. ಅದೇ ದಶಕದಲ್ಲಿ ತರೀಕೆರೆಯಿಂದ ಅಲ್ಲಿಗೆ ಕಿರುಹಳಿಯ ರೈಲೂ ಬಂದಿತು. ಮಲೆನಾಡಿಗೆ ರೈಲು ಬಂದಿತೆಂದು ಜನ ಹಿಗ್ಗಿದರು. ಆ ಹಳಿಯ ಮೇಲೆ ಕಾಡಿನ ಮರ ಇಳಿದು ಹೋಗುತ್ತಿತ್ತು.

ಅದೇ ಕಾಲಕ್ಕೆ ಭದ್ರೆಯ ಕೆಳದಡದ ಬೆಂಕಿಪುರದಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಸಂಕಲ್ಪ ರೂಪುಗೊಂಡು, 1923ರಲ್ಲಿ ಕುಲುಮೆ ಹೊತ್ತಿಕೊಂಡಿತು, ಬೆಂಕಿಪುರ ಭದ್ರಾವತಿಯಾಯಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ ಕರಗಿಸಲು ವಿಶ್ವೇಶ್ವರಯ್ಯನವರು ಆಶ್ರಯಿಸಿದುದು ಮರದ ಇದ್ದಲನ್ನು. ಕೆಮ್ಮಣ್ಣುಗುಂಡಿಯ ಅದಿರು ಒಂದು ಕಡೆಯಿಂದ, ಸುತ್ತಣ ಮಲೆನಾಡಿನ ಸೌದೆ ಇನ್ನೊಂದು ಕಡೆಯಿಂದ ಆ ಕುಲುಮೆಯ ಬಾಯಿಗೆ ಬಿದ್ದುವು. 1950ರ ದಶಕದ ಆರಂಭದಲ್ಲಿ ವಿದ್ಯುತ್ ಕುಲುಮೆಗಳು ಬರುವವರೆಗೆ ಸುಮಾರು ಮೂರು ದಶಕಗಳ ಕಾಲ ಈ ವ್ಯವಸ್ಥೆ ನಡೆಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆ ಮಲೆನಾಡಿನ ಬಿದಿರನ್ನು ಬೇಡಿತು. ಸಂಸ್ಥಾನದ ಸ್ವಾವಲಂಬನೆಯ ದೃಷ್ಟಿಯಿಂದ ಇವೆರಡೂ ಹೆಮ್ಮೆಯ ಸಾಹಸಗಳೇ. ಆದರೆ ಕಾಡು ಕೈಗಾರಿಕೆಯ ಉಗ್ರಾಣವಾದಾಗ, ಸೊಪ್ಪು, ಸೌದೆ, ಗಳು, ಬಿದಿರುಗಳಿಗೆ ಅದೇ ಕಾಡನ್ನು ನಂಬಿದ್ದ ಸಣ್ಣ ಬೇಸಾಯಗಾರನು ತನ್ನ ಬೆಟ್ಟದಲ್ಲಿಯೇ ಅಪರಾಧಿಯಂತೆ ಓಡಾಡಬೇಕಾಯಿತು.

ಇನ್ನು ನೀರಿನ ಪ್ರಸಂಗ. ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ 1947ರಲ್ಲಿ ಮೊದಲಾಗಿ 1960ರ ದಶಕದಲ್ಲಿ ಪೂರ್ಣಗೊಂಡಿತು. 186 ಅಡಿಗಳ ಮಟ್ಟಕ್ಕೆ ತುಂಬಿದಾಗ 71 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಹಿನ್ನೀರು ನರಸಿಂಹರಾಜಪುರದ ಅಂಚಿನವರೆಗೆ ಚಾಚಿಕೊಂಡಿತು. ಕಣಿವೆಯ ತಳದ ಫಲವತ್ತಾದ ಗದ್ದೆಗಳೂ ತೋಟಗಳೂ ಹಳ್ಳಿಗಳೂ ಮುಳುಗಿದುವು. ಗುಡ್ಡ ಮುಳುಗುವುದಿಲ್ಲ, ಮುಳುಗುವುದು ತಳ. ಮಲೆನಾಡಿನಲ್ಲಿ ಅನ್ನ ಬೆಳೆಯುವುದೂ ತಳದಲ್ಲಿಯೇ. ಹೀಗೆ ಶೇಖರವಾದ ನೀರು ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರಗಳ ಕಡೆಗೆ ಕಾಲುವೆಗಳಲ್ಲಿ ಹರಿದು ಸುಮಾರು ಒಂದು ಲಕ್ಷ ಹೆಕ್ಟೇರ್ ನೆಲವನ್ನು ತಣಿಸಿತು. ಮೊದಲು ಅಲ್ಲಿ ಭತ್ತ ಕಬ್ಬುಗಳು ಬೆಳೆದುವು. ಮುಂದಿನ ದಶಕಗಳಲ್ಲಿ ಅಡಿಕೆಗೆ ಬೆಲೆ ಬಂದಾಗ, ಕಾಲುವೆಯ ಆಶ್ರಯದಲ್ಲಿಯೂ ಕೊಳವೆಬಾವಿಯ ಆಶ್ರಯದಲ್ಲಿಯೂ ಅಡಿಕೆ ಬಯಲಿಗೆ ಇಳಿಯಿತು. ಇಂದು ಚನ್ನಗಿರಿ ಕರ್ನಾಟಕದ ಅತಿ ದೊಡ್ಡ ಅಡಿಕೆ ತಾಲ್ಲೂಕುಗಳಲ್ಲಿ ಒಂದು. ಸಮತಟ್ಟಾದ ನೆಲ, ಕೊಳೆರೋಗದ ಕಾಟ ಕಡಿಮೆ, ಗಾಡಿ ತೋಟದೊಳಗೇ ಬರುವುದು, ಫಸಲೂ ಅಧಿಕ. ಮಲೆನಾಡಿನ ಕಣಿವೆಯನ್ನು ಮುಳುಗಿಸಿದ ನೀರೇ ಬಯಲಿನಲ್ಲಿ ಮಲೆನಾಡಿನ ಅಡಿಕೆಗೆ ಪ್ರತಿಸ್ಪರ್ಧಿಯನ್ನು ಬೆಳೆಸಿತು. ಇದರಲ್ಲಿ ಬಯಲಿನ ರೈತರದು ತಪ್ಪೇನೂ ಇಲ್ಲ. ಎರಡು ಕಡೆಯ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆಯುವ ಪದ್ಧತಿ ನಮ್ಮ ಯೋಜನೆಗಳಲ್ಲಿ ಇರಲಿಲ್ಲವೆಂಬುದಷ್ಟೇ ಇಲ್ಲಿಯ ಮಾತು.

ಭದ್ರೆಯ ಮೇಲ್ದಡದ ಕುದುರೆಮುಖದಲ್ಲಿ 1976ರಲ್ಲಿ ಆರಂಭವಾದ ಕಬ್ಬಿಣದ ಅದಿರಿನ ಉದ್ಯಮವು, ಪರಮೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಿರು ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿಗೆ ಹೋದರೆ, ಗಣಿಯ ಹೂಳು ನದಿಯಲ್ಲಿ ಕೆಳಗಿನ ಊರುಗಳ ಕಡೆಗೆ ಬರುತ್ತದೆಂಬ ಆಕ್ಷೇಪವೇ ನದೀಮೂಲಗಳ ರಕ್ಷಣೆಯ ಹೋರಾಟಕ್ಕೆ ಬಲ ಕೊಟ್ಟಿತು. ಗಣಿ ನಿಂತುದು ಹಲವರಿಗೆ ಸಮಾಧಾನ ತಂದಿತು. ಆದರೆ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಸೇರಿಹೋದ ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯ ಕಡೆಯ ಕುಟುಂಬಗಳಿಗೆ, ಇರುವುದೋ ಬಿಡುವುದೋ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

5. ಗೇಣಿಯಿಂದ ಒಡೆತನಕ್ಕೆ

ಈ ಚರಿತ್ರೆಯಲ್ಲಿ ಕೆಳಗಿನವರ ಕೈ ಮೇಲಾದ ಘಟ್ಟವೂ ಒಂದುಂಟು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಶಾಸನಕ್ಕೆ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿಯ ಭೂಮಿಯೆಲ್ಲವೂ ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ಏಳನೆಯ ನಮೂನೆಯ ಅರ್ಜಿ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಲ್ಲುವ ಅವಕಾಶ ದೊರೆಯಿತು. ಒಡೆಯನ ಜಗಲಿಯ ಕೆಳಗೆ ನಿಂತು ಮಾತನಾಡಿ ಅಭ್ಯಾಸವಾಗಿದ್ದ ಒಕ್ಕಲು, ಅದೇ ಒಡೆಯನ ಎದುರಿಗೆ, ಈ ಗದ್ದೆ ನಾನು ಉಳುವುದು ಎಂದು ಹೇಳಬೇಕಾಗಿತ್ತು. ಎಷ್ಟೋ ಮಂದಿ ಹೇಳಿದರು. ಹಲವರು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹೇಳಲಿಲ್ಲ.

ಶಾಸನದ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಏಲಕ್ಕಿ, ಕೋಕೋ, ಕಾಫಿ, ಮೆಣಸು, ರಬ್ಬರು, ಚಹಗಳನ್ನು ಪ್ಲಾಂಟೇಷನ್ ಬೆಳೆಗಳೆಂದು ಗಣಿಸಿ, ಅಂತಹ ಭೂಮಿಯನ್ನು ಹಿಡುವಳಿಯ ಮಿತಿಯಿಂದ ಶಾಸನವು ಹೊರಗಿಟ್ಟಿತು. ಆ ಪಟ್ಟಿಯಲ್ಲಿ ಅಡಿಕೆ ಇಲ್ಲ. ಪರಿಣಾಮವಾಗಿ ಗುಡ್ಡದ ಮೇಲಣ ಕಾಫಿಯ ದೊಡ್ಡ ಎಸ್ಟೇಟುಗಳು ಇದ್ದಂತೆಯೇ ಉಳಿಯಲು ಸಾಧ್ಯವಾಯಿತು. ಕಣಿವೆಯ ಗದ್ದೆ ತೋಟಗಳು ಹಂಚಿಹೋದುವು. ಹಂಚಿಕೆ ನ್ಯಾಯವಾದುದೇ. ಆದರೆ ಹೊಸ ಒಡೆಯನ ಪಾಲಿಗೆ ಬಂದ ಒಂದೆರಡು ಎಕರೆಯ ಜೊತೆಗೆ, ಹಿಂದೆ ಒಡೆಯನು ಹೊರುತ್ತಿದ್ದ ನಷ್ಟಗಳೂ ಬಂದುವು. ಒಂದು ಪೀಳಿಗೆ ಕಳೆದು ಅಣ್ಣತಮ್ಮಂದಿರಲ್ಲಿ ಪಾಲಾದಾಗ ಆ ಒಂದೆರಡು ಎಕರೆಯೂ ಗುಂಟೆಗಳ ಲೆಕ್ಕಕ್ಕೆ ಇಳಿಯಿತು. ನೆಲವೇ ದೊರೆಯದೆ ಉಳಿದವರು ಸರ್ಕಾರಿ ಜಾಗದಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿ, ಅರ್ಜಿ ಹಾಕಿ, ಕಂದಾಯ ಮತ್ತು ಅರಣ್ಯ ಇಲಾಖೆಗಳ ನಡುವೆ ಅಲೆಯುವವರಾದರು.

6. ಹಳದಿ ಎಲೆ

ಅಡಿಕೆಯ ಹಳದಿ ಎಲೆ ರೋಗವು ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡುಬಂದಿತ್ತೆಂದು ಹೇಳುವರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿಯೂ, ಘಟ್ಟದ ಕೆಳಗೆ ಸುಳ್ಯದ ಸಂಪಾಜೆ ಸೀಮೆಯಲ್ಲಿಯೂ ಬೇರೂರಿತು. ಕಾರಣವೇನೆಂಬ ಚರ್ಚೆ ದೀರ್ಘಕಾಲ ನಡೆಯಿತು: ಮಣ್ಣಿನಲ್ಲಿ ಪೋಷಕಾಂಶದ ಕೊರತೆಯೆಂದರು, ಬಸಿಗಾಲುವೆ ಸರಿಯಿಲ್ಲವೆಂದರು, ಬೇರಿನ ಜಂತುವೆಂದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ರೋಗಿಷ್ಠ ಮರದ ನಾಳಗಳೊಳಗೆ, ಇಂದು ಫೈಟೋಪ್ಲಾಸ್ಮಾ ಎಂದು ಕರೆಯುವ ಸೂಕ್ಷ್ಮಜೀವಿ ಇರುವುದು 1970ರ ದಶಕದ ಕೊನೆಗೆ ತಿಳಿದುಬಂದಿತು; ರಸ ಹೀರುವ ಸಣ್ಣ ಜಿಗಿಹುಳುವೊಂದು ಅದನ್ನು ಮರದಿಂದ ಮರಕ್ಕೆ ಸಾಗಿಸುವುದೆಂಬುದೂ ಅನಂತರ ಸ್ಥಿರಪಟ್ಟಿತು. ಶೃಂಗೇರಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರವಿದೆ, ವಿಟ್ಲದಲ್ಲಿ ಕೇಂದ್ರ ಸರ್ಕಾರದ ಸಂಶೋಧನೆ ನಡೆದಿದೆ. ಆದರೂ ಬಿದ್ದ ರೋಗವನ್ನು ಬಿಡಿಸುವ ಮದ್ದು ಕೈಗೆ ಬಂದಿಲ್ಲ. ಗೊಬ್ಬರ, ಸುಣ್ಣ, ಬಸಿಗಾಲುವೆಗಳಿಂದ ಮರವನ್ನು ಕೆಲಕಾಲ ತಡೆದು ನಿಲ್ಲಿಸಬಹುದು, ಅಷ್ಟೇ.

ಈ ರೋಗದ ಸ್ವಭಾವವನ್ನು ಹತ್ತಿರದಿಂದ ನೋಡದೆ ಇಲ್ಲಿಯ ದಾರಿದ್ರ್ಯ ಅರ್ಥವಾಗದು. ಮಳೆ ಹೊಳವಾದ ಮೇಲೆ, ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ, ಸೋಗೆಯ ಗರಿಗಳ ತುದಿ ಹಳದಿಯಾಗುವುದು. ತುದಿಯಿಂದ ಬುಡಕ್ಕೆ, ಕೆಳಗಿನ ಸೋಗೆಯಿಂದ ಮೇಲಿನದಕ್ಕೆ ಬಣ್ಣ ಹರಡುವುದು. ಮರ ಸಾಯುವುದಿಲ್ಲ. ವರ್ಷ ವರ್ಷಕ್ಕೆ ತಲೆ ಕಿರಿದಾಗುವುದು, ಗೊನೆ ಸಣ್ಣದಾಗುವುದು, ಕಾಯಿ ಬಲಿಯುವ ಮೊದಲೇ ಉದುರುವುದು. ಅಂತಹ ಒಂದು ಕಾಯನ್ನು ಕತ್ತಿಯಿಂದ ಸೀಳಿದರೆ, ಬಿಳಿ ಕೆಂಪು ಗೆರೆಗಳ ಗಟ್ಟಿ ತಿರುಳಿನ ಬದಲು ಕಪ್ಪಡರಿದ ಮೆತ್ತನೆಯ ತಿರುಳು ಕಾಣುವುದು. ಅದನ್ನು ಬೇಯಿಸಿದರೆ ಮುರುಟಿಕೊಳ್ಳುವುದು, ಕೊಳ್ಳುವವರಿಲ್ಲ. ಕೊಳೆರೋಗ ಒಂದು ವರ್ಷದ ಫಸಲನ್ನು ಒಯ್ದರೂ ಮರವನ್ನು ಬಿಟ್ಟುಹೋಗುತ್ತಿತ್ತು. ಹಳದಿ ರೋಗವು ಮರವನ್ನು ನಿಲ್ಲಿಸಿಯೇ ಆದಾಯವನ್ನು ಒಯ್ಯುವುದು. ಕಡಿಯಲು ಮನಸ್ಸು ಬಾರದು, ಏಕೆಂದರೆ ಅದು ಇನ್ನೂ ನಿಂತಿದೆ. ಕಡಿದು ಸಸಿಯಿಟ್ಟರೆ ಫಲಕ್ಕೆ ಐದಾರು ವರ್ಷ ಕಾಯಬೇಕು, ಆ ಹೊತ್ತಿಗೆ ಸಸಿಗೂ ಹಳದಿ ಹತ್ತಿರುವುದು. ಮರು ನಾಟಿಗೆಂದು ತೆಗೆದ ಸಾಲಕ್ಕೆ ಬಡ್ಡಿ ಮಾತ್ರ ಕಾಯುವುದಿಲ್ಲ.

ಬದಲಿ ಬೆಳೆಗಳನ್ನು ಹುಡುಕದೆ ಇಲ್ಲಿಯ ರೈತರು ಸುಮ್ಮನೆ ಕುಳಿತರೆಂದು ಹೇಳಲಾಗದು. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದರು. ಅದಕ್ಕೆ ಸೊರಗು ರೋಗ ಬಂದಿತು. ನೆರಳಿದ್ದ ಕಡೆ ಕಾಫಿ ಇಟ್ಟರು. ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲು ವ್ಯವಸ್ಥೆ 1990ರ ದಶಕದಲ್ಲಿ ಕೊನೆಗೊಂಡು, ಬೆಲೆ ಹೊರದೇಶದ ಪೇಟೆಯನ್ನು ಅವಲಂಬಿಸಿದ ಸ್ವಲ್ಪ ಕಾಲದಲ್ಲಿಯೇ, ಆ ದಶಕದ ಕೊನೆಗೆ ಬೆಲೆ ಕುಸಿಯಿತು. ಬಾಳೆ ಇಟ್ಟರು, ಮಂಗ ಮತ್ತು ಕಾಡುಹಂದಿಗಳು ಪಾಲುದಾರರಾದುವು. ಈಚಿನ ವರ್ಷಗಳಲ್ಲಿ ಇವೆಲ್ಲದರ ಮೇಲೆ ಎಲೆಚುಕ್ಕಿ ರೋಗ ಬೇರೆ ಸೇರಿಕೊಂಡಿದೆ.

7. ಮೆಟ್ಟುಗತ್ತಿಯಿಂದ ಪೊಟ್ಟಣಕ್ಕೆ

ಅಡಿಕೆಯ ಸುಗ್ಗಿಯೆಂದರೆ ಇಡೀ ಊರಿನ ಕೆಲಸವಾಗಿತ್ತು. ಕೊನೆಗಾರನು ಕಾಲಿಗೆ ತಳೆ ಹಾಕಿ ಒಂದು ಮರವೇರಿದವನು, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ತೂಗಿಕೊಂಡು ಹೋಗಿ ಹತ್ತಾರು ಮರಗಳ ಕೊನೆಯನ್ನು ಹಗ್ಗದ ಮೇಲೆ ಇಳಿಬಿಡುವನು; ಕೆಳಗಿರುವವನು ಒಂದು ಕಾಯೂ ಸಿಡಿಯದಂತೆ ಹಿಡಿಯುವನು. ಇರುಳಿನಲ್ಲಿ ಅಂಗಳದ ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಹಲಗೆಯ ಮೇಲೆ ಕುಳಿತು ಹಸಿ ಅಡಿಕೆ ಸುಲಿಯುವರು. ಡಬ್ಬದ ಲೆಕ್ಕದಲ್ಲಿ ಕೂಲಿ. ಬೆರಳುಗಳು ತಿಂಗಳುಗಟ್ಟಲೆ ಚೊಗರಿನ ಕಪ್ಪು ಬಿಡವು. ಸುಲಿದುದನ್ನು ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಚಪ್ಪರದ ಮೇಲೆ ಹರಡಿ ಒಣಗಿಸಿ, ಸರಕು, ಬೆಟ್ಟೆ, ರಾಶಿ, ಗೊರಬಲೆಂದು ವಿಂಗಡಿಸುವರು. ಸರಕು ತಯಾರಿಸಿದ ಮನೆಯ ಕೈಗುಣಕ್ಕೂ ಪೇಟೆಯಲ್ಲಿ ಬೆಲೆಯಿತ್ತು.

1970-80ರ ದಶಕಗಳಿಂದೀಚೆಗೆ ಉತ್ತರ ಭಾರತದಲ್ಲಿ ಬೆಳೆದ ಪಾನ್ ಮಸಾಲ ಮತ್ತು ಗುಟ್ಕಾ ಉದ್ಯಮವು ಈ ಕೈಗುಣದ ಅರ್ಥವನ್ನೇ ಬದಲಿಸಿತು. ಪುಡಿಯಾಗಿ ಪೊಟ್ಟಣ ಸೇರುವ ಅಡಿಕೆಗೆ ಅಂದಚೆಂದ ಬೇಕಿಲ್ಲ. ಬೇಕಾದುದು ರಾಶಿಯ ಪ್ರಮಾಣ. ಬೆಲೆ ಏರಿತು, ನಿಜ. ಏರಿದ ಬೆಲೆ ಬಯಲಿನಲ್ಲಿ ಹೊಸ ತೋಟಗಳನ್ನು ಎಬ್ಬಿಸಿತು. ಶತಮಾನದ ತಿರುವಿನಲ್ಲಿ ಅದೇ ಬೆಲೆ ಕುಸಿದಾಗ, ಇಳುವರಿ ಮೊದಲೇ ಇಳಿದಿದ್ದ ಹಳದಿ ರೋಗದ ಸೀಮೆಯವರು ಎರಡು ಕಡೆಯಿಂದಲೂ ಪೆಟ್ಟು ತಿಂದರು. ಏರಿದ ವರ್ಷಗಳ ಲಾಭ ಅವರಿಗೆ ಪೂರ್ತಿಯಾಗಿ ದಕ್ಕಲಿಲ್ಲ, ಮಾರಲು ಅಡಿಕೆಯೇ ಕಡಿಮೆಯಿತ್ತು. ಇಳಿದ ವರ್ಷಗಳ ನಷ್ಟ ಪೂರ್ತಿಯಾಗಿ ತಟ್ಟಿತು, ಸಾಲ ಹಾಗೆಯೇ ಇತ್ತು. ಮಂಗಳೂರಿನಲ್ಲಿ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಹುಟ್ಟಿದ ಕ್ಯಾಂಪ್ಕೋ, ಶಿವಮೊಗ್ಗೆಯ ಮ್ಯಾಮ್ಕೋಸ್ ಮೊದಲಾದ ಸಹಕಾರ ಸಂಸ್ಥೆಗಳು ಮಾರುಕಟ್ಟೆಗೆ ಇಳಿದು ಖರೀದಿ ಮಾಡಿದುದರಿಂದ ಆ ಪೆಟ್ಟು ಒಂದಿಷ್ಟು ಮೆತ್ತಗಾಯಿತು.

ಇಷ್ಟರಲ್ಲಿ ಅಡಿಕೆಯ ಮೇಲೆ ಆರೋಗ್ಯಶಾಸ್ತ್ರದ ದೃಷ್ಟಿಯೂ ಬಿದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2003ರ ಸಭೆಯಲ್ಲಿ ಅಡಿಕೆಯನ್ನೇ ಅರ್ಬುದಕಾರಕವೆಂದು ವರ್ಗೀಕರಿಸಿತು. 2011ರಲ್ಲಿ ಗುಟ್ಕಾದ ಪ್ಲಾಸ್ಟಿಕ್ ಪೊಟ್ಟಣಗಳಿಗೆ ನ್ಯಾಯಾಲಯದ ತಡೆ ಬಂದಿತು. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾವನ್ನು ನಿಷೇಧಿಸಿತು. ಇವುಗಳ ಹಿಂದಿನ ಲೋಕಹಿತವನ್ನು ಅಲ್ಲಗಳೆಯುವ ಹಾಗಿಲ್ಲ. ಬಾಯಿಯ ಹುಣ್ಣಿನಿಂದ ನರಳುವವನ ಕಷ್ಟವೂ ಕಷ್ಟವೇ. ಆದರೆ ಮಲೆನಾಡಿನ ಎರಡೆಕರೆಯ ರೈತನು ಪೊಟ್ಟಣದ ವ್ಯಾಪಾರವನ್ನು ಕಲ್ಪಿಸಿದವನಲ್ಲ; ಅದರ ಲಾಭದಲ್ಲಿ ದೊಡ್ಡ ಪಾಲು ಪಡೆದವನೂ ಅಲ್ಲ. ಒಂದೊಂದು ತೀರ್ಪಿನ ಸುದ್ದಿ ಬಂದಾಗಲೂ ಧಾರಣೆ ಅಲ್ಲಾಡುವುದು ಮಾತ್ರ ಅವನ ಅಂಗಳದಲ್ಲಿ.

8. ಬಸ್ಸು ಮತ್ತು ಮಕ್ಕಳು

ಕೊನೆಯದಾಗಿ ಹೊರಗೆ ಹರಿದುದು ಮಕ್ಕಳು. ತೋಟ ಕೈಬಿಟ್ಟ ಮನೆಯ ಹುಡುಗರಿಗೆ ಮೊದಲು ತೆರೆದ ಬಾಗಿಲು ಊರಿನ ಹೋಟೆಲು ಮತ್ತು ಬಸ್ಸುಗಳದು, ಅನಂತರದ್ದು ಬೆಂಗಳೂರಿನದು. ಈ ಪ್ರಸಂಗದಲ್ಲಿ ಕೊಪ್ಪದ ಸಹಕಾರ ಸಾರಿಗೆಯನ್ನು ಸ್ಮರಿಸದಿರಲಾಗದು. ಖಾಸಗಿ ಬಸ್ಸು ಕಂಪನಿಯೊಂದು ಮುಚ್ಚಿದಾಗ, ಅದರ ಚಾಲಕರು, ನಿರ್ವಾಹಕರು, ಕ್ಲೀನರುಗಳೇ ಸೇರಿ 1991ರಲ್ಲಿ ಕಟ್ಟಿಕೊಂಡ ಕಾರ್ಮಿಕರ ಸಹಕಾರ ಸಂಘ ಅದು. ಬೆರಳೆಣಿಕೆಯ ಬಸ್ಸುಗಳಿಂದ ಹೊರಟು ಎಪ್ಪತ್ತಕ್ಕೆ ಮಿಕ್ಕ ಬಸ್ಸುಗಳವರೆಗೆ ಬೆಳೆದು, ಸರ್ಕಾರಿ ಬಸ್ಸು ಕಾಣದ ಹಳ್ಳಿಗಳಿಗೆ ಸಂಚರಿಸಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟು, ಈ ಮೂರು ತಾಲ್ಲೂಕುಗಳ ನಿತ್ಯಜೀವನದ ನಾಡಿಯಾಗಿತ್ತು. ಕೆಲಸಗಾರನೇ ಮಾಲೀಕನಾದ ಕೈಗಾರಿಕೆಯೊಂದು ಈ ಸೀಮೆಯಲ್ಲಿ ಸ್ವಂತವಾಗಿ ಹುಟ್ಟಿ ಸುಮಾರು ಮೂರು ದಶಕ ಬಾಳಿದುದು, ಮಲೆನಾಡಿನವರಿಗೆ ಉದ್ಯಮಶೀಲತೆಯಿಲ್ಲವೆಂಬ ಲೋಕಾಭಿಪ್ರಾಯಕ್ಕೆ ಸಾಕಷ್ಟು ಉತ್ತರ. ಡೀಸೆಲ್ಲಿನ ಬೆಲೆ, ತೆರಿಗೆಯ ಭಾರ, ಮನೆಮನೆಗೂ ಬಂದ ಬೈಕು, ಮೊದಲಿನಂತೆ ತುಂಬದ ಸೀಟುಗಳು ಇವುಗಳ ಒಟ್ಟು ಒತ್ತಡದಲ್ಲಿ 2020ರ ಫೆಬ್ರವರಿಯಲ್ಲಿ ಅದು ತನ್ನ ಸಂಚಾರವನ್ನು ನಿಲ್ಲಿಸಿತು.

ಸೀಟು ತುಂಬಬೇಕಾದ ತರುಣರು ಆ ವೇಳೆಗೆ ರಾತ್ರಿಯ ಬೆಂಗಳೂರು ಬಸ್ಸುಗಳಲ್ಲಿ ಹೋಗಿ ಆಗಿತ್ತು. ಮನೆಯಲ್ಲಿ ಉಳಿದ ಅಪ್ಪಯ್ಯ ಅಮ್ಮಂದಿರು ಹಬ್ಬಕ್ಕೆ ಮಗ ಬರುವ ದಿನ ನೋಡಿ ತೋಟದ ಕೆಲಸ ಇಟ್ಟುಕೊಳ್ಳುವರು; ಮಗನು ಕಳಿಸುವ ಸಂಬಳದಲ್ಲಿ ಸೊಸೈಟಿಯ ಸಾಲದ ಬಡ್ಡಿ ಕಟ್ಟುವರು. ಒಂದು ಕಾಲಕ್ಕೆ ತೋಟ ಮಕ್ಕಳನ್ನು ಸಾಕುತ್ತಿತ್ತು. ಈಗ ಮಕ್ಕಳು ತೋಟವನ್ನು ಸಾಕುತ್ತಿರುವರು.

9. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುವುವು. ಈ ಸೀಮೆಯ ದಾರಿದ್ರ್ಯಕ್ಕೆ ಪ್ರಕೃತಿಯೊಂದನ್ನೇ ಹೊಣೆಮಾಡುವುದು ಸಾಧುವಲ್ಲ. ಕೊಳೆರೋಗವೂ ಹಳದಿ ರೋಗವೂ ಬಂದುದು ಮಳೆ ಮತ್ತು ಕೀಟಗಳಿಂದಾದರೂ, ಅವು ಋಣವಾಗಿ ಪರಿಣಮಿಸಿದುದು ಬೆಲೆ, ಬಂಡವಾಳ, ಒಡೆತನಗಳ ವ್ಯವಸ್ಥೆಯಿಂದ. ಎರಡನೆಯದಾಗಿ, ಮ್ಯಾಮ್ಕೋಸ್ ಮತ್ತು ಸಹಕಾರ ಸಾರಿಗೆಗಳ ನಿದರ್ಶನಗಳಲ್ಲಿ ಕಾಣುವಂತೆ, ತಮ್ಮ ಸರಕಿನ ಬೆಲೆಯನ್ನೋ ತಮ್ಮ ಶ್ರಮದ ಫಲವನ್ನೋ ತಾವೇ ಕೂಡಿ ಹಿಡಿದುಕೊಂಡ ಸಂದರ್ಭಗಳಲ್ಲಿ ಮಾತ್ರ ಇಲ್ಲಿಯ ಕುಟುಂಬಗಳು ಹೊರಗಿನ ಬದಲಾವಣೆಯೊಡನೆ ಸಮಾನವಾಗಿ ವ್ಯವಹರಿಸಿದುವು; ಆ ಹಿಡಿತವೂ ಶಾಶ್ವತವಾಗಿರಲಿಲ್ಲ.

ಮುಂದಿನ ಸಂಶೋಧಕರು ಈ ತಾಲ್ಲೂಕುಗಳ ಬಡತನವನ್ನು ಅಳೆಯ ಹೊರಟಾಗ, ಪಹಣಿಯ ಕಲಮನ್ನು ಓದಿದ ಬಳಿಕ, ಮಾರ್ಗಶಿರದ ಒಂದು ಬೆಳಗ್ಗೆ ಆ ಮನೆಯ ಅಂಗಳಕ್ಕೆ ಹೋಗಿ ನಿಲ್ಲುವುದು ಒಳ್ಳೆಯದು. ಸುಗ್ಗಿಯ ನಡುವಿನ ಆ ದಿನಗಳಲ್ಲಿ ಚಪ್ಪರದ ಮೇಲೆ ಎಷ್ಟು ಅಡಿಕೆ ಹರಡಿದೆ, ಹಂಡೆಯ ಒಲೆಯ ಬೂದಿ ಈ ವರ್ಷದ್ದೋ ಹಿಂದಿನದೋ, ಅಟ್ಟದ ಮೂಲೆಗೆ ಒರಗಿಸಿದ ಮೆಟ್ಟುಗತ್ತಿಗಳಲ್ಲಿ ತುಕ್ಕು ಹಿಡಿಯದವು ಎಷ್ಟು ಎಂಬುದನ್ನು ಎಣಿಸಿಕೊಂಡರೆ, ಯಾವ ದಾಖಲೆಯೂ ಹೇಳದ ಲೆಕ್ಕ ಅಲ್ಲಿಯೇ ದೊರೆಯುವುದು.